ಚಿಲಕದ ಹಾಡಿನ ಮರೆತ ಸಾಲು

ಭಾನುವಾರ ಬೆಳಿಗ್ಗೆ ಇಸ್ತ್ರಿಯಕ್ಕನ ಲಾಂಡ್ರಿಯಲ್ಲಿ ಬಟ್ಟೆಗೆ ರಜೆ, ಕಿವಿಗೆ ಕೆಲಸ. ಆವಿಯ ಇಸ್ತ್ರಿ ಯಂತ್ರ ತಣ್ಣಗೆ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿತ್ತು. ಹಿಂದಿನ ಕೋಣೆಯಲ್ಲಿ, ಕಾಲರಿಗೆ ನಂಬರ್ ಚೀಟಿ ಚುಚ್ಚಿಸಿಕೊಂಡು ತೂಗುವ ಕೋಟು-ಸೀರೆಗಳ ನಡುವೆ ಒಂದಷ್ಟು ಕುರ್ಚಿ ಹಾಕಿದರೆ ಮುಗಿಯಿತು, ಅದೇ ಹಳೇ ರೆಕಾರ್ಡ್ ಬಳಗದ ಸಭಾಂಗಣ. ಬಳಗದವರಿಗೆಲ್ಲ ಒಂದೇ ಹುಚ್ಚು, ಅರವತ್ತರ ದಶಕದ ಪಾಪ್ ಹಾಡುಗಳದ್ದು. ಸರದಿಯ ಪ್ರಕಾರ ಒಬ್ಬೊಬ್ಬರೂ ತಮ್ಮ ಮೆಚ್ಚಿನ ರೆಕಾರ್ಡು ತಂದು ಹಾಕಬೇಕು. ಮುಳ್ಳು ಮೇಲೇಳುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು. ಹಾಡಿನ ನಡುವೆ ಎದ್ದವರು ಒಂದು ತಿಂಗಳು ಎಲ್ಲರಿಗೂ ಟೀ ಮಾಡಬೇಕು. ಈ ಕಾನೂನು ಮಾಡಿದವರು ನಿವೃತ್ತ ಪೋಸ್ಟ್‌ಮಾಸ್ಟರು. ಸೀನು ತಡೆಯಲಾರದೆ ಎದ್ದು ಹೊರಗೋಡಿದ ಸ್ವಂತ ಹೆಂಡತಿಯ ಕೈಲೂ ತಿಂಗಳಿಡೀ ಟೀ ಮಾಡಿಸಿದ ಮಹಾನುಭಾವರು ಅವರು.

ಬಳಗಕ್ಕೆ ಕಿವಿ ಇದ್ದ ಹಾಗೆ ಬಾಯಿಯೂ ಒಂದಿತ್ತು. ಅದು ಮರುದನಿ ಎಂಬ ನಾಲ್ಕು ಜನರ ತಂಡ. ಹಳೆಯ ಹಾಡುಗಳನ್ನು ಇದ್ದ ಹಾಗೇ ವೇದಿಕೆಯ ಮೇಲೆ ಹಾಡುವುದು ಅವರ ಕೆಲಸ. ಅವರು ಎಲ್ಲಿ ಹಾಡಿದರೆ ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗುವುದು ಬಳಗದ ಕೆಲಸ. ಇದ್ದ ಹಾಗೇ ಅಂದರೆ ನಿಜಕ್ಕೂ ಇದ್ದ ಹಾಗೇ. ರೆಕಾರ್ಡಿನಲ್ಲಿ ಡ್ರಮ್ಮಿನವನ ಕೋಲು ಜಾರಿದ್ದರೆ ಇಲ್ಲೂ ಜಾರಬೇಕು, ಗಾಯಕ ಕೆಮ್ಮಿದ್ದರೆ ಇಲ್ಲೂ ಕೆಮ್ಮಬೇಕು. ಒಮ್ಮೆ ಡ್ರಮ್ಮಿನವ ಒಂದೇ ಒಂದು ಏಟು ಹೆಚ್ಚಿಗೆ ಹಾಕಿದ್ದಕ್ಕೆ ಪೋಸ್ಟ್‌ಮಾಸ್ಟರು ಒಂದಿಡೀ ಮಳೆಗಾಲ ಅವನ ಜೊತೆ ಮಾತು ಬಿಟ್ಟಿದ್ದರು. ಮರುದನಿಯ ಗಾಯಕ ಇಸ್ತ್ರಿಯಕ್ಕನ ಒಡಹುಟ್ಟಿದ ತಮ್ಮ. ವಾರವಿಡೀ ಲಿಫ್ಟ್ ರಿಪೇರಿ ಮಾಡಿಕೊಂಡು ಗ್ರೀಸು ಮೆತ್ತಿಕೊಂಡಿರುವ ಮನುಷ್ಯ, ಕೋಟು ತೊಟ್ಟು ಗಿಟಾರ್ ಹಿಡಿದು ಮೈಕಿನ ಮುಂದೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದ.

ಅವನು ಹಾಡುವ ಹಾಡುಗಳಲ್ಲೆಲ್ಲ ಬಳಗಕ್ಕೆ ಪ್ರಾಣವಾದದ್ದು ಚಿಲಕದ ಹಾಡು. ಅದರ ಅಸಲಿ ರೆಕಾರ್ಡು ಆ ಕಾಲದ ಒಂದು ಸಂಗೀತ ಸಭೆಯಲ್ಲೇ ತೆಗೆದದ್ದು. ಎರಡನೇ ಚರಣದಲ್ಲಿ ಮೂಲ ಗಾಯಕನಿಗೆ ಸಾಲು ಮರೆತುಹೋಗಿದೆ. ಪಾಪ, ನಿಂತುಬಿಟ್ಟಿದ್ದಾನೆ. ಯಾರೋ ಒಬ್ಬಾಕೆ ಕಿಸಕ್ಕೆಂದು ನಕ್ಕದ್ದೂ ಕೇಳುತ್ತದೆ. ಅಷ್ಟರಲ್ಲಿ ಜನರ ನಡುವಿನಿಂದ ಯಾರೋ ಆ ಸಾಲನ್ನು ಎತ್ತಿಕೊಟ್ಟಿದ್ದಾರೆ: 'ಚಿಲಕ ಹಾಕಬೇಡ ಚಿನ್ನಾ, ನಾನಿನ್ನೂ ದಾರೀಲಿದ್ದೀನಿ.' ಗಾಯಕ ನಗುತ್ತ ಮುಂದಿನ ಸಾಲು ಹಿಡಿದಿದ್ದಾನೆ. ರೆಕಾರ್ಡು ಮಾಡಿದವರು ಅದನ್ನು ಕತ್ತರಿಸದೆ ಹಾಗೇ ಬಿಟ್ಟರು, ಲೋಕಕ್ಕೆ ಅದೇ ಇಷ್ಟವಾಯಿತು. ಹಾಗಾಗಿ ಮರುದನಿಯ ವರ್ಷದ ದೊಡ್ಡ ಕಾರ್ಯಕ್ರಮದಲ್ಲಿ ಇಸ್ತ್ರಿಯಕ್ಕನ ತಮ್ಮ ಆ ಜಾಗ ಬಂದಾಗ ಬೇಕೆಂದೇ ನಿಲ್ಲುತ್ತಾನೆ. ಬಳಗದಲ್ಲಿ ಯಾರ ಹೆಸರಿಗೆ ಚೀಟಿ ಎದ್ದಿರುತ್ತದೋ ಅವರು ಸಭೆಯಿಂದ ಸಾಲು ಎತ್ತಿಕೊಡಬೇಕು. ಈ ವರ್ಷ ಚೀಟಿ ಎದ್ದದ್ದು ಪೋಸ್ಟ್‌ಮಾಸ್ಟರಿಗೆ. ಬಳಗ ಕಟ್ಟಿದವರು ಅವರೇ ಆದರೂ ಇಷ್ಟು ವರ್ಷ ಅದೃಷ್ಟ ಕೈಕೊಡುತ್ತಲೇ ಬಂದಿತ್ತು. ಈಗ ಅವರ ಕಾಲು ನೆಲದ ಮೇಲಿರಲಿಲ್ಲ.

ಇನ್ನೊಂದು ಮಾತಿದೆ, ಅದನ್ನೂ ಈಗಲೇ ಹೇಳಿಬಿಡಬೇಕು. ಆ ಮೂಲ ಗಾಯಕ ಮರುದಿನದ ಸಭೆಯಲ್ಲೂ ಅಲ್ಲೇ ನಿಂತನಂತೆ, ಸಾಲು ಎತ್ತಿಕೊಟ್ಟರೂ ಮತ್ತೆ ನಿಂತೇ ಇದ್ದನಂತೆ, ಅದರದ್ದೂ ಒಂದು ಟೇಪು ಇದೆಯಂತೆ. ಕೇಳಿದವರು ಯಾರೂ ಇಲ್ಲ. ಪೋಸ್ಟ್‌ಮಾಸ್ಟರ ಷಡ್ಡಕನ ಸ್ನೇಹಿತನೊಬ್ಬ ಕೇಳಿದ್ದಾನೆ ಎಂಬುದಷ್ಟೇ ಸುದ್ದಿ. ಆ ಎರಡನೇ ದಿನದ ಟೇಪಿಗಾಗಿ ಬಳಗದವರು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದರು.

ಕಾರ್ಯಕ್ರಮ ಹತ್ತಿರ ಬಂದಾಗ ಒಂದು ಸಂಜೆ ತಂಡದ ನಾಲ್ಕೂ ಕೋಟುಗಳನ್ನು ತಮ್ಮ ತಂದು ಲಾಂಡ್ರಿಯ ಕೌಂಟರಿನ ಮೇಲೆ ಹಾಕಿದ. ಕಡುನೀಲಿ ಬಣ್ಣದ, ಸಣ್ಣ ಕಾಲರಿನ ಬಿಗಿಯಾದ ಕೋಟುಗಳು.

"ಆ ಹ್ಯಾಂಗರ್ ಕೊಡೋ ಇಲ್ಲಿ" ಅಂದಳು ಇಸ್ತ್ರಿಯಕ್ಕ.

ಅವನು ಎತ್ತಿದ, ಬಲಗೈಯಿಂದ ಜಾರಿ ಬಿತ್ತು. ಬಗ್ಗಿ ಮತ್ತೆ ಎತ್ತಿದ, ಮತ್ತೆ ಬಿತ್ತು. ಏನೋ ಹೇಳಲು ಹೋದ. ಬಾಯಿಂದ ಬಂದದ್ದು ಮಾತಲ್ಲ, ಬರೀ ತೊದಲು. ಅವಳು ಇಸ್ತ್ರಿ ಬದಿಗಿಟ್ಟು ಓಡಿಬಂದು ಅವನನ್ನು ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಅವನು ಬೆರಳು ಮಡಚಿ ಬಿಡಿಸಿ ನೋಡಿಕೊಂಡು ನಕ್ಕ.

"ಏನಿಲ್ಲ ಬಿಡು. ಬೆಳಿಗ್ಗೆಯಿಂದ ಲಿಫ್ಟಿನ ಕೇಬಲ್ ಎಳೆದಿದ್ದೀನಿ, ಕೈ ಜೋಮು ಹಿಡೀತು."

"ಕೈ ಜೋಮು ಹಿಡಿದ್ರೆ ನಾಲಿಗೆ ಯಾಕೆ ತೊದಲ್ಬೇಕು? ಏಳು, ಡಾಕ್ಟರ ಹತ್ರ ಹೋಗೋಣ."

"ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?"

"ಆಮೇಲೆ ಅಂದ್ರೆ ಆಮೇಲೆ ಅಕ್ಕಾ. ತಲೆ ತಿನ್ಬೇಡ."

ಆಮೇಲೆ ಎಂಬುದು ಅವನ ಹುಟ್ಟುಗುಣ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕನೇ. ಸ್ನಾನಕ್ಕೆ ಬಾರೋ ಅಂದರೆ ಆಮೇಲೆ, ಪುಸ್ತಕ ತೆಗಿಯೋ ಅಂದರೆ ಆಮೇಲೆ, ದೊಡ್ಡವನಾಗಿ ಮದುವೆ ಆಗೋ ಅಂದರೆ ಅದಕ್ಕೂ ಆಮೇಲೆ. ಲಾಂಡ್ರಿಯ ಮೇಲಿನ ಮನೆಯಲ್ಲಿ ಈಗಲೂ ಇಬ್ಬರೇ. ಹಾಡಲು ಹೋದವನು ಎಷ್ಟು ಹೊತ್ತಿಗೆ ಬರುತ್ತಾನೋ ಎಂದು ಅವಳು ಬಾಗಿಲಿಗೆ ಚಿಲಕ ಹಾಕದೆ ಬರೀ ಮುಂದಕ್ಕೆಳೆದು ಮಲಗುವುದು ರೂಢಿ. ಚಿಲಕದ ಹಾಡು ತನ್ನದೇ ಮನೆಯದ್ದು ಎಂದು ಅವಳಿಗೆ ಅನ್ನಿಸುತ್ತಿದ್ದದ್ದು ಅದಕ್ಕೇ.

ಆ ಸಂಜೆಯಿಂದ ಅವಳು ಬೆನ್ನು ಬಿಡದೆ ಪೀಡಿಸಿದಳು. ಕೊನೆಗೊಂದು ದಿನ ಅವನೇ ಬಂದು, ಡಾಕ್ಟರಿಗೆ ತೋರಿಸಿದೆ, ನರದ ನಿಶ್ಶಕ್ತಿಯಂತೆ, ಮಾತ್ರೆ ಬರೆದುಕೊಟ್ಟಿದ್ದಾರೆ ಎಂದ. ಅವಳು ನಂಬಿದಳು. ನಂಬಿದಳು ಅನ್ನುವುದಕ್ಕಿಂತ, ನಂಬಿದರೆ ನಿದ್ದೆ ಬರುತ್ತದಲ್ಲ ಎಂದು ನಂಬಿದಳು. ಆದರೆ ಭಾನುವಾರ ಬಳಗದ ಮುಂದೆ ಅವನು ಹೇಳಿದ ಇನ್ನೊಂದು ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

"ಈ ಸಲ ಚಿಲಕದ ಹಾಡಿಗೆ ನಾನು ಗಿಟಾರ್ ಹಿಡಿಯಲ್ಲ. ಬರೀ ಹಾಡ್ತೀನಿ" ಅಂದಿದ್ದ.

ಪೋಸ್ಟ್‌ಮಾಸ್ಟರು ಕುರ್ಚಿಯಲ್ಲಿ ನೆಟ್ಟಗಾದರು. "ಗಿಟಾರ್ ಇಲ್ದೆ ಹೇಗ್ರೀ? ರೆಕಾರ್ಡಲ್ಲಿ ಇದ್ಯಲ್ಲ?"

"ಏನೋ ಒಂದು ಹೊಸದು ಇದೆ ಅಂತ ಇಟ್ಕೊಳ್ಳಿ ಸರ್."

"ಎರಡನೇ ದಿನದ ಟೇಪು ಸಿಕ್ತಾ? ನಿಜ ಹೇಳಿ, ಸಿಕ್ತಾ?"

ತಮ್ಮ ಬರೀ ಕಣ್ಣು ಮಿಟುಕಿಸಿದ. ಬಳಗಕ್ಕೆ ಅಷ್ಟು ಸಾಕಿತ್ತು. ಯಾರಿಗೂ ಹೇಳಬೇಡಿ ಅಂದುಕೊಂಡೇ ಎಲ್ಲರೂ ಟೇಪಿನ ಸುದ್ದಿಯನ್ನೇ ಆಡಿಕೊಂಡರು. ಅವನ ಬಲಗೈ ಜೇಬಿನಲ್ಲೇ ಇದ್ದದ್ದನ್ನು ನೋಡಿದವಳು ಇಸ್ತ್ರಿಯಕ್ಕ ಒಬ್ಬಳೇ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನಕ್ಕೆ. ಅವಳು ನಾಲ್ಕು ಕೋಟುಗಳನ್ನು ಹೆಗಲ ಮೇಲೆ ಹೊತ್ತು ಸಭಾಂಗಣದ ಹಿಂಬಾಗಿಲಿಗೆ ಬರುವಾಗ ಬಳಗದ ಮಾತ್ರೆಯಣ್ಣ ಎದುರಾದ. ಔಷಧಿ ಅಂಗಡಿ ಇಟ್ಟುಕೊಂಡಿದ್ದರಿಂದ ಅವನಿಗೆ ಆ ಹೆಸರು. ಇವತ್ತು ಅಂಗಡಿ ಮುಚ್ಚಿ, ಔಷಧಿ ಸಾಗಿಸುವ ವ್ಯಾನಿನಲ್ಲೇ ಅರ್ಧ ಬಳಗವನ್ನು ತುಂಬಿಕೊಂಡು ಬಂದಿದ್ದ.

"ಮಾತ್ರೆಯಣ್ಣ, ತಮ್ಮಂಗೆ ಕೊಟ್ಟ ಆ ನರದ ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ? ಕೇಳಿದ್ರೆ ಸರಿಯಾಗಿ ಹೇಳಲ್ಲ ಅವನು."

"ಯಾವ ಮಾತ್ರೆ ಇಸ್ತ್ರಿಯಕ್ಕ? ಹೀರೋ ನಮ್ಮ ಅಂಗಡಿ ಕಡೆ ತಲೇನೇ ಹಾಕಿಲ್ಲ."

"ಡಾಕ್ಟ್ರು ಬರ್ಕೊಟ್ರಂತಲ್ಲ?"

"ಯಾರು, ನಮ್ಮ ಬೀದಿ ಡಾಕ್ಟ್ರಾ? ಅವರು ಮಗಳ ಬಾಣಂತನ ಅಂತ ಹೋದವರು ಇನ್ನೂ ಬಂದೇ ಇಲ್ಲ."

ಮುಂದಿನ ಮಾತು ಕೇಳಲು ಅವಳು ಅಲ್ಲಿ ನಿಲ್ಲಲಿಲ್ಲ.

ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಅವಳ ತಮ್ಮ ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎಡಗೈಯಲ್ಲಿ. ಹುಟ್ಟಿದಾಗಿನಿಂದ ಬಲಗೈಯವನು.

"ಡಾಕ್ಟರ ಹತ್ರ ಹೋಗೇ ಇಲ್ಲ ನೀನು" ಅಂದಳು.

ಅವನು ಕನ್ನಡಿಯಲ್ಲೇ ಅವಳ ಮುಖ ನೋಡಿದ. ಸುಳ್ಳು ಹೇಳಲು ಹೊರಟವನು ಹೇಳಲಿಲ್ಲ. "ಎಷ್ಟು ಊರಿಂದ ಜನ ಬಂದಿದ್ದಾರೆ ನೋಡಿದ್ಯಾ? ಪೋಸ್ಟ್‌ಮಾಸ್ಟ್ರು ಹೊಸ ಬೂಟು ಹಾಕ್ಕೊಂಡು ಬಂದಿದ್ದಾರೆ ಅಕ್ಕಾ, ಒಂದು ಸಾಲು ಹಾಡೋದಕ್ಕೆ. ಇವತ್ತೊಂದು ದಿನ ಬಿಟ್ಬಿಡು. ಮುಗಿದ ತಕ್ಷಣ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು, ಆಗ್ಲೂ ಆಮೇಲೆ ಅಂದ್ರೆ ಕೇಳು."

"ಈಗ್ಲೇ ನಡಿ."

"ಈಗ ನಾನು ಹೋದ್ರೆ ಇವರ ಮುಖ ಮತ್ತೆ ನೋಡಕ್ಕಾಗಲ್ಲ."

ಹೊರಗಿನಿಂದ ಡ್ರಮ್ಮಿನವ ಬಾಗಿಲು ತಟ್ಟಿದ. ಅವಳಿಗೆ ಸಿಟ್ಟು, ಭಯ, ಅಳು ಮೂರೂ ಒಟ್ಟಿಗೆ ಬಂದವು. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅವಳು ಮಾಡಿದ್ದೇನೆಂದರೆ ಕೋಟು ಹಿಡಿದು ಅವನ ಬಲಗೈಯನ್ನು ತೋಳಿನೊಳಗೆ ತೂರಿಸಿದ್ದು, ಚಿಕ್ಕಂದಿನಲ್ಲಿ ಸ್ವೆಟರ್ ತೊಡಿಸುತ್ತಿದ್ದ ಹಾಗೆ. ಭುಜ ಸರಿಮಾಡಿದಳು. ತೋಳಿನ ಇಸ್ತ್ರಿ ಗೆರೆ ಭುಜದಿಂದ ಮಣಿಕಟ್ಟಿನವರೆಗೆ ನೇರ ಇಳಿಯುವ ಹಾಗೆ ಎಳೆದು ಬಿಟ್ಟಳು.

"ಏನಾದ್ರೂ ಸ್ವಲ್ಪ ಹೆಚ್ಚು ಕಮ್ಮಿ ಕಂಡ್ರೂ ನಾನು ಸ್ಟೇಜ್ ಹತ್ತಿ ಬರ್ತೀನಿ. ನೆನಪಿರಲಿ."

"ಹಾಡಿನ ನಡುವೇನಾ? ಬಾ ಬಾ. ವರ್ಷವಿಡೀ ಟೀ ಮಾಡಿಸ್ತಾರೆ ನಿನ್ನ ಕೈಲಿ" ಎಂದು ನಕ್ಕು ಹೊರಟ.

ಯಾವಾಗಲೂ ಅವಳು ಕೂರುವುದು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ. ಮುಗಿದ ತಕ್ಷಣ ಹಿಂದೆ ಓಡಿ ಬೆವರಿನ ಕೋಟುಗಳನ್ನು ಬಿಚ್ಚಿಸಿಕೊಳ್ಳಲು ಅದೇ ಅನುಕೂಲ. ವೇದಿಕೆಯಿಂದ ಅವನು ಆ ಮೂಲೆಯ ಕಡೆಗೊಮ್ಮೆ ನೋಡಿಕೊಂಡೇ ಹಾಡು ಶುರುಮಾಡುತ್ತಿದ್ದ. ಇವತ್ತು ಅವಳು ಮುಂದಿನ ಸಾಲಿಗೆ ಬಂದು, ಪೋಸ್ಟ್‌ಮಾಸ್ಟರ ಪಕ್ಕದ ಕುರ್ಚಿಯಿಂದ ಯಾರದೋ ಚೀಲ ಎತ್ತಿಟ್ಟು ಕೂತಳು. ಅವರು ಹುಬ್ಬೇರಿಸಿದರು, ಆದರೆ ದೀಪ ಆರಿತ್ತು, ಮಾತಾಡುವ ಹಾಗಿರಲಿಲ್ಲ.

ಮೊದಲ ಹಾಡು ಸುಸೂತ್ರ. ಎರಡನೆಯದರಲ್ಲಿ ಕೆಮ್ಮು ಬರಬೇಕಾದಲ್ಲಿ ಕೆಮ್ಮಿದ, ಬಳಗ ತಲೆದೂಗಿತು. ಅವಳಿಗೆ ಹಾಡು ಕೇಳುತ್ತಿರಲಿಲ್ಲ. ಅವನ ಬಲಗೈಯ ಮೇಲೆ ನೆಟ್ಟ ಕಣ್ಣು ಕೀಳದೆ ಕೂತಿದ್ದಳು. ಗಿಟಾರ್ ತಂತಿಯ ಮೇಲೆ ಬೆರಳು ಎರಡು ಕಡೆ ತಡವರಿಸಿದ್ದು ಅವಳಿಗೆ ಕಂಡಿತು. ಡ್ರಮ್ಮಿನವನಿಗೂ ಕಂಡಿರಬೇಕು, ಅವನು ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದ. ಪ್ರತಿ ಹಾಡು ಮುಗಿದಾಗಲೂ ಅವಳು ಉಸಿರು ಬಿಟ್ಟಳು, ಮುಂದಿನದು ಶುರುವಾದಾಗ ಬಿಗಿಹಿಡಿದಳು. ಕೊನೆಗೆ ಅವನು ಗಿಟಾರ್ ಕೆಳಗಿಟ್ಟ. ಜನ ಹೋ ಎಂದರು. ಚಿಲಕದ ಹಾಡಿನ ಸರದಿ.

ಮೊದಲ ಚರಣ ಎಂದಿಗಿಂತ ಚೆನ್ನಾಗಿ ಬಂತು. ಎರಡನೆಯದು ಶುರುವಾಯಿತು, ಆ ಜಾಗ ಬಂತು, ಅವನು ನಿಂತ. ಡ್ರಮ್ಮಿನವ ರೆಕಾರ್ಡಿನಲ್ಲಿದ್ದ ಹಾಗೇ ಮೆಲ್ಲಗೆ ತಾಳ ಹಿಡಿದುಕೊಂಡೇ ಇದ್ದ. ಬಳಗದ ಒಬ್ಬಾಕೆ ಕರಾರುವಾಕ್ಕಾಗಿ ಕಿಸಕ್ಕೆಂದಳು. ಪೋಸ್ಟ್‌ಮಾಸ್ಟರು ಕೂತಲ್ಲಿಂದಲೇ ಎದೆ ತುಂಬಿಕೊಂಡು ಎತ್ತಿದರು:

"ಚಿಲಕ ಹಾಕಬೇಡ ಚಿನ್ನಾ, ನಾನಿನ್ನೂ ದಾರೀಲಿದ್ದೀನಿ..."

ಮುದುಕರ ದನಿ ನಡುಗಿದರೂ ಶ್ರುತಿ ತಪ್ಪಲಿಲ್ಲ. ಸಭೆ ಮೆಚ್ಚಿ ಆಹಾ ಎಂದಿತು. ಈಗ ಅವನು ನಗುತ್ತ ಮುಂದಿನ ಸಾಲು ಹಿಡಿಯಬೇಕು.

ಹಿಡಿಯಲಿಲ್ಲ.

ತಾಳ ಒಂದು ಸುತ್ತು ಹೋಗಿಬಂತು. ಅವನು ನಿಂತೇ ಇದ್ದ. ಪೋಸ್ಟ್‌ಮಾಸ್ಟರು ಇಸ್ತ್ರಿಯಕ್ಕನ ಮೊಣಕೈ ಹಿಡಿದು ಹಿಚುಕಿದರು. ಕಾನೂನು ಮಾಡಿದವರೇ ಕಾನೂನು ಮುರಿದು ಪಿಸುಗುಟ್ಟಿದರು: "ಎರಡನೇ ದಿನದ ಟೇಪು! ಸಿಕ್ಕಿದೆ ಇವನಿಗೆ! ಬಡ್ಡಿಮಗ, ಒಂದು ಮಾತು ಹೇಳ್ಲಿಲ್ಲ ನೋಡಿ!" ಅವರ ಕಣ್ಣಲ್ಲಿ ನೀರಿತ್ತು. ಸುದ್ದಿ ಸಾಲಿನಿಂದ ಸಾಲಿಗೆ ದಾಟಿತು. ಪೋಸ್ಟ್‌ಮಾಸ್ಟರು ಸಾಲನ್ನು ಮತ್ತೆ ಎತ್ತಿದರು, ಈ ಸಲ ಹಿಂದಿನವರೂ ದನಿಗೂಡಿಸಿದರು.

ಅವನು ಆಗಲೂ ನಿಂತೇ ಇದ್ದ. ಮುಖದಲ್ಲಿ ನಗು ಇತ್ತು. ಆದರೆ ಅರ್ಧ ಮಾತ್ರ.

ಇಸ್ತ್ರಿಯಕ್ಕ ಎದ್ದಳು. ಎದ್ದವಳು ಒಂದು ಗಳಿಗೆ ಹಾಗೇ ನಿಂತಳು. ಇದು ಅವನು ಹೇಳಿದ ಹೊಸದೇ ಆಗಿದ್ದರೆ? ಇಷ್ಟು ಜನರ ಮುಂದೆ ತಮ್ಮನ ಮರ್ಯಾದೆ ತೆಗೆದಂತಾಗುತ್ತದೆ, ಅವನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹಿಂದಿನಿಂದ ಯಾರೋ ಕೂತ್ಕೊಳ್ರೀ ಅಂದರು. ಪೋಸ್ಟ್‌ಮಾಸ್ಟರು ಅವಳ ಕೈ ಜಗ್ಗಿದರು. "ಇಸ್ತ್ರಿಯಕ್ಕ, ದಮ್ಮಯ್ಯ, ಹಾಳು ಮಾಡ್ಬೇಡಿ. ಜೀವಮಾನಕ್ಕೆ ಒಂದು ಸಲ ಸಿಗೋದು."

ಅವಳು ಕೋಟು ನೋಡಿದಳು. ಮುಖ ನೋಡಿದರೆ ಆಸೆ ಅಡ್ಡ ಬರುತ್ತದೆ, ಬಟ್ಟೆ ಹಾಗಲ್ಲ. ಅವಳೇ ಹೊಂದಿಸಿ ಕಳಿಸಿದ್ದ ಬಲಭುಜ ಕೆಳಗಿಳಿದಿತ್ತು. ತೋಳಿನ ಗೆರೆ ಒಳಕ್ಕೆ ತಿರುಚಿಕೊಂಡಿತ್ತು. ತೋಳಿನ ತುದಿಯಿಂದ ಕೈ ಎಂದಿಗಿಂತ ಉದ್ದ ಇಳಿಬಿದ್ದಿತ್ತು, ಅದರೊಳಗೆ ಅದನ್ನು ಎತ್ತಿ ಹಿಡಿಯುವವರು ಯಾರೂ ಇಲ್ಲದ ಹಾಗೆ. ಆಮೇಲೆ ಅವಳು ಅವನ ಕಣ್ಣು ನೋಡಿದಳು. ಅದು ಪೋಸ್ಟ್‌ಮಾಸ್ಟರನ್ನು ನೋಡುತ್ತಿರಲಿಲ್ಲ, ಜನರನ್ನೂ ನೋಡುತ್ತಿರಲಿಲ್ಲ. ದೂರದ ಕತ್ತಲಲ್ಲಿ ಕೊನೆಯ ಸಾಲನ್ನು, ಬಾಗಿಲ ಪಕ್ಕದ ಕುರ್ಚಿಯನ್ನು ಹುಡುಕುತ್ತಿತ್ತು. ಅಲ್ಲಿ ಅವಳಿರಲಿಲ್ಲ.

"ಇಲ್ಲಿದ್ದೀನಿ ಕಣೋ!" ಎಂದು ಕೂಗಿಕೊಂಡು ಅವಳು ಕೈ ಬಿಡಿಸಿಕೊಂಡಳು.

ಜನರ ಹಾಡಿನಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಈಗ ಇಡೀ ಸಭೆ ಹಾಡುತ್ತಿತ್ತು, ಪ್ರೀತಿಯಿಂದ, ಕಣ್ಣು ಮುಚ್ಚಿಕೊಂಡು, ಮತ್ತೆ ಮತ್ತೆ: ಚಿಲಕ ಹಾಕಬೇಡ ಚಿನ್ನಾ. ಮೆಟ್ಟಿಲು ಎಲ್ಲಿದೆ ಎಂದು ಹುಡುಕುವ ವ್ಯವಧಾನ ಅವಳಿಗಿರಲಿಲ್ಲ. ವೇದಿಕೆಯ ಅಂಚಿಗೆ ಹೊಟ್ಟೆ ಊರಿ, ಮೊಣಕಾಲು ತರಚಿಕೊಂಡು ಹತ್ತಿದಳು. ಯಾರೋ ಛೀಮಾರಿ ಹಾಕಿದರು. ಡ್ರಮ್ಮಿನವ ಕಣ್ಣರಳಿಸಿದ, ಆದರೂ ಕೈ ನಿಲ್ಲಿಸಲಿಲ್ಲ. ಏನೇ ಆದರೂ ತಾಳ ನಿಲ್ಲಬಾರದೆಂದು ಕಲಿತವನು.

"ನಿಲ್ಲಿಸೋ ಅದನ್ನ!" ಎನ್ನುತ್ತ ಅವಳು ತಮ್ಮನ ಮುಂದೆ ಹೋಗಿ ನಿಂತು ಎರಡೂ ಕೆನ್ನೆ ಹಿಡಿದಳು. "ನಾನ್ಯಾರು ಹೇಳು. ನಾನ್ಯಾರೋ?"

ಅವನು ಬಾಯಿ ತೆರೆದ. ತುಟಿಯ ಒಂದು ಕಡೆ ಮಾತ್ರ ಅಲುಗಿತು. ಅವಳ ಮುಖವನ್ನು ಗುರುತು ಹಿಡಿದ, ಅದು ಅವಳಿಗೆ ಖಂಡಿತ ಗೊತ್ತಾಯಿತು. ಆದರೆ ಹೆಸರು ಬರಲಿಲ್ಲ. ಅವನು ಅವಳ ಮೇಲೆ ವಾಲಿದ, ಇಬ್ಬರೂ ಹಲಗೆಯ ಮೇಲೆ ಕುಸಿದರು.

ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನು ಇಸ್ತ್ರಿಯಕ್ಕ ಸಾಯುವವರೆಗೆ ಮರೆಯಲಾರಳು. ಎರಡನೇ ದಿನ ಮೂಲ ಗಾಯಕ ಹೀಗೇ ಬಿದ್ದಿರಬೇಕೆಂದು ಅವರೆಲ್ಲ ಎದ್ದು ನಿಂತು ತಟ್ಟುತ್ತಿದ್ದರು. ಅವಳು ಬಿದ್ದಲ್ಲಿಂದಲೇ ಮೈಕಿನ ಕಂಬ ಹಿಡಿದು ಎಳೆದುಕೊಂಡಳು.

"ಇದು ಹಾಡಲ್ರೋ! ನನ್ನ ತಮ್ಮ ಸಾಯ್ತಿದ್ದಾನೆ! ಮಾತ್ರೆಯಣ್ಣ, ಗಾಡಿ ತಗೊಂಡ್ ಬಾ!"

ಅವಳ ದನಿ ಗೋಡೆಗೆ ಬಡಿದು ವಾಪಸು ಬಂತು. ಡ್ರಮ್ಮು ನಿಂತಿತು. ಚಪ್ಪಾಳೆ ಒಂದೊಂದೇ ಕೈಯಾಗಿ ನಿಂತಿತು. ಮಾತ್ರೆಯಣ್ಣ ಕುರ್ಚಿಗಳನ್ನು ಹಾರಿಕೊಂಡು ಬಾಗಿಲಿಗೆ ಓಡಿದ. ಪೋಸ್ಟ್‌ಮಾಸ್ಟರು ಮಾತ್ರ ಬಾಯಿ ತೆರೆದುಕೊಂಡೇ ಇದ್ದರು, ಸಾಲಿನ ಕೊನೆಯ ಮಾತು ಇನ್ನೂ ಅದರಲ್ಲೇ ಉಳಿದಂತಿತ್ತು.

ಮೆದುಳಿಗೆ ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಇನ್ನೊಂದು ಹಾಡಿನಷ್ಟು ಹೊತ್ತು ತಡವಾಗಿದ್ದರೆ ಕೈ ಚೆಲ್ಲಬೇಕಿತ್ತು. ಈಗ ಜೀವಕ್ಕೆ ಭಯವಿಲ್ಲ, ಕೈ ಮತ್ತು ಮಾತಿನ ವಿಷಯ ಕಾದು ನೋಡಬೇಕು. ಇಸ್ತ್ರಿಯಕ್ಕ ಗೋಡೆಗೆ ಒರಗಿ ಅತ್ತಳು. ಪೋಸ್ಟ್‌ಮಾಸ್ಟರು ಹೊಸ ಬೂಟು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು.

"ನಿಮ್ಮ ಕೈ ಹಿಡಿದು ಎಳೆದೆನಲ್ಲಮ್ಮ" ಅಂದರು. "ಅವನು ಅಲ್ಲಿ ಹಾಗೆ ನಿಂತಿದ್ದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಅದೇ ನನ್ನ ತಿಂತಾ ಇದೆ."

ಅವರನ್ನು ಸಮಾಧಾನ ಮಾಡುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ಅವಳಿಗಿರಲಿಲ್ಲ.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಕಾಲು ಎಳೆದುಕೊಂಡು ನಡೆದ, ಎಡಗೈಯಲ್ಲಿ ಊಟ ಮಾಡಲು ಕಲಿತ. ಮಾತು ಮಾತ್ರ ಬರಲಿಲ್ಲ. ಬಂದದ್ದು ಒಂದೇ ಒಂದು ಮಾತು. ನೀರು ಬೇಕೇನೋ ಅಂದರೆ "ಆಮೇಲೆ" ಎನ್ನುತ್ತಿದ್ದ. ಕೊಡದಿದ್ದರೆ ಲೋಟ ತೋರಿಸಿ ಸಿಟ್ಟಿನಿಂದ "ಆಮೇಲೆ, ಆಮೇಲೆ!" ಎನ್ನುತ್ತಿದ್ದ. ಹೌದಿಗೂ ಅದೇ, ಬೇಡಕ್ಕೂ ಅದೇ, ಅಕ್ಕನನ್ನು ಕರೆಯಲೂ ಅದೇ. ತಾನು ಹೇಳಬೇಕೆಂದದ್ದು ಇದಲ್ಲ ಎಂದು ಅವನಿಗೆ ತಿಳಿಯುತ್ತಿತ್ತು. ಆಗ ಅವನ ಕಣ್ಣಲ್ಲಿ ಕಾಣುತ್ತಿದ್ದ ಗಾಬರಿಯನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ರಾತ್ರಿ ಅವನು ಮಲಗಿದ ಮೇಲೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಅವನು ಒಳಗೇ ಇದ್ದ, ಚಿಲಕ ಹಾಕಬಹುದಿತ್ತು. ಆದರೂ ಹಾಕಲು ಕೈ ಬರುತ್ತಿರಲಿಲ್ಲ.

ಮಾತು ಕಲಿಸಲು ಬರುತ್ತಿದ್ದ ಟೀಚರಮ್ಮ ಒಂದು ದಿನ ಹೇಳಿದಳು: "ಮಾತು ಹೋದವರಿಗೆ ಕೆಲವು ಸಲ ಹಾಡು ಉಳಿದಿರತ್ತೆ ಅಕ್ಕ. ಗ್ಯಾರಂಟಿ ಏನಿಲ್ಲ. ಹಾಕಿ ನೋಡಿ."

ಕಾರ್ಯಕ್ರಮದ ದಿನದಿಂದ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಳಗ ಸೇರಿರಲಿಲ್ಲ. ಮುಖ ತೋರಿಸಲು ಯಾರಿಗೂ ಧೈರ್ಯವಿರಲಿಲ್ಲ. ಅವಳೇ ಹೇಳಿಕಳಿಸಿದಳು. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಕೂತರು. ತಮ್ಮನನ್ನು ತೂಗುವ ಕೋಟುಗಳ ಪಕ್ಕದಲ್ಲಿ ಕೂರಿಸಿದ್ದಾಯಿತು. ಪೋಸ್ಟ್‌ಮಾಸ್ಟರು ಚಿಲಕದ ಹಾಡಿನ ರೆಕಾರ್ಡನ್ನು ಅಂಗಿಯ ತೋಳಿನಿಂದ ಒರೆಸಿ ಹಾಕಿದರು. ಮುಳ್ಳು ಇಡುವಾಗ ಕರಕರ ಸದ್ದಾಯಿತು.

ಮೊದಲ ಚರಣ ಹೋಯಿತು. ತಮ್ಮ ಗೋಡೆ ನೋಡುತ್ತ ಕೂತಿದ್ದ. ಎರಡನೆಯದು ಬಂತು. ರೆಕಾರ್ಡಿನ ಗಾಯಕ ನಿಂತ. ಹೆಂಗಸು ನಕ್ಕಳು. ಆ ಮೌನದಲ್ಲಿ, ಸಾಲು ಎತ್ತಿಕೊಡುವ ಹಳೆಯ ದನಿಗಿಂತ ಮೊದಲು, ಕೋಣೆಯೊಳಗೇ ಒಂದು ಒರಟು ದನಿ ಎದ್ದಿತು.

"ಚಿಲಕ ಹಾಕಬೇಡ ಚಿನ್ನಾ, ನಾನಿನ್ನೂ ದಾರೀಲಿದ್ದೀನಿ."

ಒಂದಕ್ಷರ ಜಾರಲಿಲ್ಲ. ವೇದಿಕೆಯ ಮೇಲೆ ಅವನು ಎಂದೂ ಹಾಡದ ಸಾಲು ಅದು. ಪ್ರತಿ ವರ್ಷ ಬೇರೆಯವರಿಗೆಂದು ಮರೆಯಬೇಕಾಗಿದ್ದ ಸಾಲು. ಯಾರೂ ಅಲುಗಲಿಲ್ಲ. ಮುಳ್ಳು ಮೇಲೇಳುವವರೆಗೆ ಎಲ್ಲರೂ ಕಣ್ಣೀರು ಒರೆಸಿಕೊಳ್ಳದೆ ಕೂತರು, ಕಾನೂನು ಅಂದರೆ ಕಾನೂನು.

ಹಾಡು ಮುಗಿದ ಮೇಲೆ ಇಸ್ತ್ರಿಯಕ್ಕ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಈಗ ಹೇಳು. ನಾನ್ಯಾರು?"

ಅವನು ಬಾಯಿ ತೆರೆದ, ಹುಡುಕಿದ. "ಆಮೇಲೆ" ಅಂದ. ತಲೆ ಅಡ್ಡಡ್ಡ ಆಡಿಸಿ ತೊಡೆಗೆ ಗುದ್ದಿಕೊಂಡ.

"ಹೋಗಲಿ ಬಿಡು" ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಆ ಹಾಡಲ್ಲಿ ಅಕ್ಕ ಅನ್ನೋ ಮಾತೇ ಇಲ್ವಲ್ಲ. ಎಲ್ಲಿಂದ ತರ್ತೀಯ ನೀನು?"

ಪೋಸ್ಟ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಒಂದು ಹೆಚ್ಚಿನ ಏಟಿಗೆ ಮಳೆಗಾಲವಿಡೀ ಮಾತು ಬಿಟ್ಟಿದ್ದ ಮನುಷ್ಯ ಅವರು.

"ಇಲ್ಲದಿದ್ರೆ ಹಾಕೋಣ" ಅಂದರು. "ಚಿನ್ನಾ ತೆಗೆದುಬಿಡಿ. ಅಲ್ಲಿ ಅಕ್ಕಾ ಸರಿಯಾಗಿ ಕೂರತ್ತೆ, ತಾಳ ಕೆಡಲ್ಲ."

"ಸರ್, ಹಾಡು ಬದಲಾಯಿಸೋದಾ?" ಡ್ರಮ್ಮಿನವನಿಗೆ ನಂಬಿಕೆ ಬರಲಿಲ್ಲ.

"ಹೌದ್ರೀ, ಬದಲಾಯಿಸೋದೇ! ನಿಮ್ಮದೇನು ಗಂಟು ಹೋಗತ್ತೆ? ತಾಳ ಹಾಕಿ!"

ಡ್ರಮ್ಮಿನವ ಇಸ್ತ್ರಿ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ. ಬಳಗ ಹೊಸ ಸಾಲು ಹಾಡಿತು. ತಮ್ಮ ಅವರ ಜೊತೆ ಸೇರಿದ, "ಚಿನ್ನಾ" ಎಂದು ಹಾಡಿ ನಿಂತ. ಮತ್ತೆ ಹಾಡಿದರು, ಮತ್ತೆ "ಚಿನ್ನಾ". ಅವನ ಹಣೆಯಲ್ಲಿ ಬೆವರು ಒಡೆಯಿತು. ಸಾಕು ಬಿಡಿ, ದಣೀತಾನೆ ಎಂದು ಇಸ್ತ್ರಿಯಕ್ಕ ಹೇಳಲು ಹೊರಟಳು, ಆದರೆ ಹಾಡಿನ ನಡುವೆ ಮಾತಾಡುವ ಹಾಗಿರಲಿಲ್ಲ. ಪೋಸ್ಟ್‌ಮಾಸ್ಟರು ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ದನಿಗೆ ದನಿ ಕೊಟ್ಟು ಹಾಡುತ್ತಲೇ ಹೋದರು. ಎಷ್ಟು ಸಲವೋ ಯಾರೂ ಲೆಕ್ಕವಿಡಲಿಲ್ಲ. ಕೊನೆಗೊಮ್ಮೆ ಆ ಜಾಗ ಬಂದಾಗ ಅವರು ಬೇಕೆಂದೇ ನಿಂತರು. ಬಳಗವೂ ನಿಂತಿತು. ಬರೀ ತಾಳ.

"ಚಿಲಕ ಹಾಕಬೇಡ..." ಹಾಡುತ್ತಿದ್ದವನು ತಮ್ಮ ಒಬ್ಬನೇ. ಕಣ್ಣು ಸುತ್ತ ಹುಡುಕಿತು, ಕೊನೆಯ ಕುರ್ಚಿಯವರೆಗೆ ಹೋಯಿತು, ಅಲ್ಲಿಂದ ತಿರುಗಿ ಹತ್ತಿರದಲ್ಲೇ ಕೂತಿದ್ದ ಅವಳ ಮುಖಕ್ಕೆ ಬಂದು ನಿಂತಿತು. "...ಅಕ್ಕಾ, ನಾನಿನ್ನೂ ದಾರೀಲಿದ್ದೀನಿ."

ಇಸ್ತ್ರಿಯಕ್ಕ ದಡಕ್ಕನೆ ಎದ್ದು ನಿಂತಳು. ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು 'ಇದೀನಿ ಕಣೋ, ಹಾಕಲ್ಲ ಕಣೋ' ಎಂದು ಗೋಳೋ ಎಂದು ಅತ್ತಳು. ಡ್ರಮ್ಮಿನವ ಮುಖ ತಿರುಗಿಸಿಕೊಂಡು, ಆದರೂ ತಾಳ ಬಿಡದೆ ಹಾಕುತ್ತಲೇ ಇದ್ದ.

"ಹಾಡಿನ ನಡುವೆ ಎದ್ದಿದ್ದೀರಿ" ಎಂದರು ಪೋಸ್ಟ್‌ಮಾಸ್ಟರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಒಂದು ತಿಂಗಳು ಟೀ."

ಅವಳು ಆ ತಿಂಗಳಿಡೀ ಎಲ್ಲರಿಗೂ ಟೀ ಮಾಡಿದಳು.